ಗಡಿನಾಡಿನ ಹೈಸ್ಕೂಲಿಗೆ ಕನ್ನಡ ನಾಟಕಗಳ ಪುಸ್ತಕ ಕೊಡ್ಬೇಕು, ಯಾವುದು ಕೊಡ್ಲಿ, ಹೇಗೆ ಕೊಡ್ಲಿ?

ನೀವು ಬೆಂಗಳೂರಲ್ಲಿದ್ದು ಕಾಸರಗೋಡಿನ ಒಂದು ಕನ್ನಡ ಮೀಡಿಯಂ ಶಾಲೆಗೆ ಕೈಲಾಸಂ, ಶ್ರೀರಂಗ, ಕುವೆಂಪು, ಕಾರ್ನಾಡ್, ಮೇಲಿಂದ ಶೇಕ್ಸ್‌ಪಿಯರ್ ಅನುವಾದ ಎಲ್ಲ ಸೇರಿಸಿ ಒಂದು ಸೆಟ್ ಕಳಿಸ್ಬೇಕು ಅಂತ ಕೇಳಿದ್ದೀರಿ. ನಾನು ಅದೇ ಕಾಸರಗೋಡಿನ ಬದಿಯಡ್ಕ ಕಡೆ ಹೈಸ್ಕೂಲಲ್ಲಿ ಕನ್ನಡ ಮಾಷ್ಟ್ರು, ಹಾಗಾಗಿ ನೇರ ಹೇಳ್ತೇನೆ, ಸೆಟ್ ಬೇಡ ಮಾರಾಯ್ರೆ. ಒಂದೇ ಒಂದು ಸಣ್ಣ ನಾಟಕ ಆರಿಸಿ, ಕ್ಲಾಸಿಗೆ ಸಾಕಾಗುವಷ್ಟು ಕಾಪಿ ಕೊಡಿ.

ಸೆಟ್ ಬಂದ್ರೆ ಏನಾಗ್ತದೆ ಅಂತ ನನಗೆ ಚೆನ್ನಾಗಿ ಗೊತ್ತುಂಟು. ಕೊಟ್ಟವರ ಹೆಸರಿನ ಸೀಲ್, ಒಂದು ಫೋಟೋ, ಆಮೇಲೆ ಕಪಾಟಿಗೆ ಬೀಗ. ಪುಸ್ತಕ ಕಾಣೆಯಾದ್ರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡ್ಬೇಕಾದವರು ಟೀಚರು, ಅವ್ರನ್ನೂ ಬೈಯುವ ಹಾಗಿಲ್ಲ. ಫೋಟೋಸ್ಟಾಟ್ ಕಾಪಿ ಆದ್ರೆ ಆ ತಲೆಬಿಸಿ ಇಲ್ಲ, ಮಕ್ಕಳು ಮನೆಗೆ ಒಯ್ತಾರೆ, ತಮ್ಮ ಪಾತ್ರದ ಮಾತಿಗೆ ಗೆರೆ ಎಳೀತಾರೆ, ಮೂಲೆಯಲ್ಲಿ ಮೀಸೆ ಬಿಡಿಸ್ತಾರೆ.

ಇನ್ನೊಂದು ವಿಷಯ, ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಹವ್ಯಕ, ಮರಾಟಿ, ಕೊಂಕಣಿ ಹೀಗೆ ಒಬ್ಬೊಬ್ಬರಿಗೆ ಒಂದೊಂದು, ಪುಸ್ತಕದ ಕನ್ನಡ ಸಿಗುದು ಶಾಲೆಯಲ್ಲಿ ಮಾತ್ರ, ಅಂಥವ್ರ ಕೈಗೆ ನಾಟಕ ಕೊಟ್ಟು ಒಬ್ಬನೇ ಕೂತು ಓದು ಅಂದ್ರೆ ಎರಡನೇ ಪುಟಕ್ಕೆ ಮಡಚಿಡ್ತಾನೆ. ಪಾರ್ಟ್ ಹಂಚಿ ಗಟ್ಟಿಯಾಗಿ ಓದಿಸ್ಬೇಕು. ಶುರುವಿಗೆ ಕಂಸದ (ಬ್ರಾಕೆಟಿನ) ಒಳಗಿನ ಸೂಚನೆಯನ್ನೂ ಬಿಡುದಿಲ್ಲ, "ಯಾಕೆ ಬಂದೆ ಕೋಪದಿಂದ ಎದ್ದು ನಿಲ್ಲುವನು" ಅಂತ ಒಂದೇ ಉಸಿರಿಗೆ ಓದ್ತಾರೆ, ಕ್ಲಾಸಿಡೀ ನಗು. ಆಗ ಕಂಸದ್ದು ಓದ್ಲಿಕ್ಕೇ ಒಬ್ಬನನ್ನು ಬೇರೆ ಕೂರಿಸುದು, ಆಮೇಲೆ ಆ ಕೆಲಸಕ್ಕೇ ಜಗಳ. ಡ್ರೆಸ್ಸು, ಸ್ಟೇಜು ಎಂತದೂ ಬೇಡ. ಇದು ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆ, ಕೂತಲ್ಲೇ ಮಾತಾಡಿ ಆಟ ಕಟ್ಟುವ ತಾಳಮದ್ದಳೆ ಇಲ್ಲಿ ಸುಮಾರು ಮಕ್ಕಳು ನೋಡಿದ್ದಾರೆ, ಅದನ್ನು ನೆನಪು ಮಾಡಿದ್ರೆ ಸಾಕು.

ಯಾವ ನಾಟಕ ಅಂದ್ರೆ, ನನ್ನ ಓಟು ಕೈಲಾಸಂ ಅವರ ಟೊಳ್ಳುಗಟ್ಟಿಗೆ. ಭಾಷೆ ಹಳೇ ಮೈಸೂರಿನದ್ದು, ಮಧ್ಯೆ ಇಂಗ್ಲಿಷು ಬೇರೆ, ನಮ್ಮ ಮಕ್ಕಳಿಗೆ ಮೊದಲು ಗಂಟಲಲ್ಲಿ ಸಿಕ್ಕಿಕೊಳ್ತದೆ. ಆದ್ರೆ ಮಾರ್ಕು ತೆಗೆಯುವ ಮಗ ದೊಡ್ಡವನಾ, ಫೇಲಾದ್ರೂ ಮನೆಗೆ ಆಗುವ ಮಗ ದೊಡ್ಡವನಾ ಅನ್ನುವ ಸಂಗತಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬಿಡಿಸಿ ಹೇಳ್ಬೇಕಾ? ಎರಡನೆಯದ್ದು ಮಂಜೇಶ್ವರ ಗೋವಿಂದ ಪೈಗಳ ಹೆಬ್ಬೆರಳು, ಏಕಲವ್ಯನ ಕಥೆ. ಭಾಷೆ ಬಿಗಿ, ಆದ್ರೆ ಕಥೆ ಮಕ್ಕಳಿಗೆ ಮೊದಲೇ ಗೊತ್ತು, ಮೇಲಾಗಿ ನಮ್ಮೂರಿನ ಕವಿ. ಬಿ.ಎಂ.ಶ್ರೀ ಅವರ ಅಶ್ವತ್ಥಾಮನ್ ನನಗೆ ಪ್ರಾಣ, ಆದ್ರೆ ಒಂಬತ್ತನೇ ಕ್ಲಾಸಿಗೆ ಹಾಕ್ಲಿಕ್ಕೆ ಧೈರ್ಯ ಇಲ್ಲ.

ಕಾಪಿ ತೆಗೆದ್ರೆ ಕೇಸ್ ಆಗ್ತದಾ ಅಂತ ಹೆದರಿಕೆ ಇದ್ರೆ ಲೆಕ್ಕ ಸುಲಭ. ನಮ್ಮ ಕಾನೂನಲ್ಲಿ ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರ್ತದೆ. ಕೈಲಾಸಂ, ಬಿ.ಎಂ.ಶ್ರೀ ಇಬ್ಬರೂ ಹೋದದ್ದು 1946ರಲ್ಲಿ, ಗೋವಿಂದ ಪೈ 1963ರಲ್ಲಿ, ಅಂದ್ರೆ ಪೈಗಳ ಬರಹ 2024ರಿಂದ ಫ್ರೀ. ಶ್ರೀರಂಗ 1984, ಕುವೆಂಪು 1994, ಕಾರ್ನಾಡ್ 2019, ಇವರದ್ದೆಲ್ಲ ದುಡ್ಡು ಕೊಟ್ಟೇ ತರಿಸ್ಬೇಕು. ಶೇಕ್ಸ್‌ಪಿಯರ್ ಸತ್ತು 400 ವರ್ಷ ದಾಟಿದ್ರೂ ಅನುವಾದದ ಹಕ್ಕು ಅನುವಾದ ಮಾಡಿದವರದ್ದು, ಅದನ್ನು ಸುಮಾರು ಜನ ಮರೀತಾರೆ. ಆಡುವ ವಿಷಯಕ್ಕೆ ಬಂದ್ರೆ, ಶಾಲೆಯೊಳಗೆ ಮಕ್ಕಳು, ಟೀಚರು, ಅಪ್ಪ ಅಮ್ಮಂದಿರ ಎದುರು ಪಾಠದ ಭಾಗವಾಗಿ ಆಡ್ಲಿಕ್ಕೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಉಂಟು, ಊರಿಗೆಲ್ಲ ಟಿಕೆಟ್ ಇಟ್ಟು ಆಡಿದ್ರೆ ಅದು ಬೇರೆ.

ಹಳೇ ಮುದ್ರಣಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವಲ್ಲಿ ಹುಡುಕಿದ್ರೆ ಸುಮಾರು ಸಿಗ್ತದೆ, ಆದ್ರೆ ನೇರ ಪ್ರಿಂಟ್ ಹೊಡೀಬೇಡಿ, ಒತ್ತಕ್ಷರ ಅರ್ಧ ಮಾಸಿರ್ತದೆ, ಕೆಲವು ಪುಟ ಓರೆ, ಕೆಲವು ಇರುದೇ ಇಲ್ಲ. ನಿಮಗೆ ನಿಜವಾಗಿ ಸಹಾಯ ಮಾಡ್ಬೇಕು ಅಂತಿದ್ರೆ ಅಲ್ಲಿ ಮಾಡಿ, ನಾಲ್ಕು ಜನ ಫ್ರೆಂಡ್ಸ್ ಪುಟ ಹಂಚಿಕೊಂಡು ಯೂನಿಕೋಡಲ್ಲಿ ಟೈಪ್ ಮಾಡಿ, ಅಕ್ಷರ ದೊಡ್ಡದಿರ್ಲಿ, ಪಾತ್ರದ ಹೆಸರು ಬೋಲ್ಡಲ್ಲಿ, ಕಷ್ಟದ ಶಬ್ದದ ಅರ್ಥ ಅದೇ ಪುಟದ ಕೆಳಗೆ. ಕೊನೇ ಪುಟದಲ್ಲಿ ಅರ್ಥ ಹಾಕಿದ್ರೆ ಯಾವನೂ ತಿರುಗಿಸಿ ನೋಡುದಿಲ್ಲ. ಫೈಲ್ ಶಾಲೆಗೆ ಮೈಲ್ ಮಾಡಿದ್ರೆ ಪ್ರಿಂಟ್ ಇಲ್ಲೇ ತೆಗೆಸ್ಬಹುದು, ಪಾರ್ಸೆಲ್ ಖರ್ಚೂ ಉಳೀತದೆ.

ಮಿಕ್ಕಿದ ದುಡ್ಡಲ್ಲಿ ಕುವೆಂಪು ಅವರ ಜಲಗಾರ ನಾಲ್ಕೈದು ಪ್ರತಿ ಕೊಂಡು ಶಾಲೆ ಹತ್ರದ ವಾಚನಾಲಯಕ್ಕೆ ಕೊಡಿ, ಶಾಲೆ ಬಿಟ್ಟ ಮೇಲೆ ಅದು ತೆರೆದಿರ್ತದೆ.

ಯಾವಾಗ ಅಂದ್ರೆ ಜೂನ್. ಜೂನ್ 19ಕ್ಕೆ ಕೇರಳದ ಶಾಲೆಗಳಲ್ಲಿ ವಾಚನ ದಿನ ಉಂಟು, ಟೀಚರುಗಳು ಆಗ ಏನಾದ್ರೂ ಕಾರ್ಯಕ್ರಮ ಹುಡುಕ್ತಿರ್ತಾರೆ, ಮಳೆಗೆ ಮಕ್ಕಳೂ ಗ್ರೌಂಡಿಗೆ ಹೋಗ್ಲಿಕ್ಕಾಗದೆ ಕ್ಲಾಸಲ್ಲೇ ಇರ್ತಾರೆ. ಓಣಂ ಪರೀಕ್ಷೆ ಕಳೀತು ಅಂದ್ರೆ ಕಲೋತ್ಸವ, ಕ್ರಿಸ್ಮಸ್ ಪರೀಕ್ಷೆ, ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸು, ಯಾರಿಗೂ ಪುರುಸೊತ್ತಿಲ್ಲ. ಮತ್ತೆ ಫೋನ್ ಮಾಡುವಾಗ ಆಫೀಸಿಗೆ ಮಾಡಿ ನಿಲ್ಲಿಸ್ಬೇಡಿ, ಕನ್ನಡ ಟೀಚರ ಹತ್ರ ಮಾತಾಡಿ, ಎಷ್ಟು ಮಕ್ಕಳು, ಯಾವ ಪೀರಿಯಡಲ್ಲಿ ಓದಿಸ್ತಾರೆ ಅಂತ ಕೇಳಿಕೊಂಡು ಆಮೇಲೆ ಕಾಪಿಯ ಲೆಕ್ಕ ಹಾಕಿ.