ಔಷಧಿ ಕೊಟ್ಟ ಮೇಲೂ ಮರಿಯ ಹೊಟ್ಟೆಯಲ್ಲಿ ಮತ್ತೆ ಹುಳ ಏಕೆ?

ಪ್ರಶ್ನೆ: ಪಕ್ಕದ ಮನೆಯ ನಾಯಿ ಹಾಕಿದ ಮರಿಯೊಂದನ್ನು ತಂದು ಹನ್ನೆರಡು ದಿನವಾಯಿತು. ಈಗ ಅದಕ್ಕೆ ಆರು ವಾರ. ತಂದ ಮಾರನೇ ದಿನವೇ ಹುಳದ ಸಿರಪ್ ಕುಡಿಸಿದೆವು, ಒಂದಷ್ಟು ಹುಳ ಬಿದ್ದವು. ನಿನ್ನೆ ಮತ್ತೆ ಶಾವಿಗೆಯಂಥ ಹುಳ ವಾಂತಿ ಮಾಡಿತು. ಹೊಟ್ಟೆ ಗುಡಾಣದ ಹಾಗಿದೆ, ಬೆನ್ನು ಮಾತ್ರ ಮೂಳೆ ಮೂಳೆ. ಅಂಗನವಾಡಿಯಲ್ಲಿ ಮಗಳಿಗೆ ಕೊಟ್ಟ ಜಂತುಹುಳದ ಮಾತ್ರೆ ಒಂದು ಉಳಿದಿದೆ, ಅರ್ಧ ಕೊಡಬಹುದೇ? ಮಗಳಿಗೆ ನಾಲ್ಕು ವರ್ಷ. ಮಗು ಇರುವ ಮನೆ, ಮರಿಯನ್ನು ವಾಪಸ್ ಬಿಟ್ಟು ಬನ್ನಿ ಎನ್ನುತ್ತಿದ್ದಾರೆ ಅತ್ತೆ.
— ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಆ ಮಾತ್ರೆಯ ವಿಷಯ. ಅರ್ಧವೂ ಬೇಡ, ಕಾಲೂ ಬೇಡ. ಅದು 400 ಮಿಲಿಗ್ರಾಂ ಆಲ್ಬೆಂಡಜೋಲ್. ನಾಯಿಗೆ ಅದು ಹೆಚ್ಚಾದರೆ ರಕ್ತ ಹುಟ್ಟುವ ಮೂಳೆಮಜ್ಜೆಗೇ ಪೆಟ್ಟು. ಎರಡು ಮೂರು ಕಿಲೋ ತೂಗುವ ಮರಿಗೆ ಅರ್ಧ ಮಾತ್ರೆ ಬಹಳ ದೊಡ್ಡ ಪ್ರಮಾಣ. ಯಾರಾದರೂ ಬೆಳ್ಳುಳ್ಳಿ ಅರೆದು ಕುಡಿಸಿ ಎಂದರೂ ಕೇಳಬೇಡಿ, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಇನ್ನು ನಿಮ್ಮ ಸಿರಪ್ ಕೆಲಸ ಮಾಡಲಿಲ್ಲ ಎಂದುಕೊಳ್ಳಬೇಡಿ. ಅದು ಕರುಳಿನಲ್ಲಿದ್ದ ಹುಳಗಳನ್ನು ಕೆಡವಿದೆ. ನಿನ್ನೆ ಬಂದವು ಆಗ ಕರುಳಿನಲ್ಲಿ ಇರಲೇ ಇಲ್ಲ. ಶಾವಿಗೆಯಂತೆ ಕಾಣುವ ಈ ದುಂಡುಹುಳದ ಮರಿಗಳು ತಾಯಿನಾಯಿಯ ಮಾಂಸಖಂಡಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತವೆ. ಅದು ಗಬ್ಬವಾದಾಗ, ಕೊನೆಯ ಮೂರು ವಾರಗಳಲ್ಲಿ, ಎಚ್ಚೆತ್ತು ಹೊಟ್ಟೆಯೊಳಗಿನ ಮರಿಗಳಿಗೆ ದಾಟುತ್ತವೆ. ಹುಟ್ಟಿದ ಮೇಲೆ ಹಾಲಿನಲ್ಲೂ ಬರುತ್ತವೆ. ಮರಿಯ ಮೈಯಲ್ಲಿ ಅವು ಲಿವರಿನಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಕೆಮ್ಮಿನೊಡನೆ ಗಂಟಲಿಗೆ ಬಂದು, ಮರಿ ನುಂಗಿದಾಗ ಕರುಳು ಸೇರಿ ದೊಡ್ಡದಾಗುತ್ತವೆ. ನೀವು ಔಷಧಿ ಕೊಟ್ಟ ದಿನ ದಾರಿಯಲ್ಲಿದ್ದವು ಈಗ ಮನೆ ಸೇರಿವೆ, ಅಷ್ಟೇ. ನೀವು ಹಾಕಿದ ಊಟದಿಂದ ಬಂದದ್ದಲ್ಲ, ನಿಮ್ಮ ಮನೆಯ ಕೊಳಕಿನಿಂದಲೂ ಅಲ್ಲ. ಇದನ್ನು ಅತ್ತೆಯವರಿಗೂ ಹೇಳಿ.

ಅದಕ್ಕೇ ಹುಳದ ಔಷಧಿ ಒಂದು ಸಲ ಕೊಟ್ಟರೆ ಮುಗಿಯುವುದಿಲ್ಲ. ಎರಡು, ನಾಲ್ಕು, ಆರು, ಎಂಟನೇ ವಾರ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ, ಬಳಿಕ ಮೂರು ತಿಂಗಳಿಗೊಮ್ಮೆ. ನಿಮ್ಮ ಮರಿಗೆ ಈಗ ಆರನೇ ವಾರದ್ದು ಬಾಕಿ. ಪೈರಾಂಟೆಲ್ ಆದರೆ ಪ್ರತಿ ಕಿಲೋ ತೂಕಕ್ಕೆ 5ರಿಂದ 10 ಮಿಲಿಗ್ರಾಂ ಒಮ್ಮೆ. ಫೆನ್‌ಬೆಂಡಜೋಲ್ ಆದರೆ ಕಿಲೋಗೆ 50 ಮಿಲಿಗ್ರಾಂನಂತೆ ಸತತ ಮೂರು ದಿನ. ಸಿರಪ್ಪಿನ ಗಾಢತೆ ಒಂದೊಂದು ಕಂಪನಿಯದು ಒಂದೊಂದು ಥರ, ಆದ್ದರಿಂದ ಎಷ್ಟು ಎಂ.ಎಲ್. ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ತೂಕವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಮರಿಯನ್ನು ಬುಟ್ಟಿಯಲ್ಲಿಟ್ಟು ಕಿರಾಣಿ ಅಂಗಡಿಯ ತೂಕದ ಯಂತ್ರದ ಮೇಲಿಟ್ಟರೆ ಸರಿಯಾಗಿ ಗೊತ್ತಾಗುತ್ತದೆ. ಔಷಧಿ ಕುಡಿಸಿದ ಮೇಲೆ ಹುಳ ಜೀವಂತವಾಗಿ ಬಿದ್ದರೂ ಗಾಬರಿಯಾಗಬೇಡಿ, ಪೈರಾಂಟೆಲ್ ಅವುಗಳಿಗೆ ಲಕ್ವಾ ಹೊಡೆಸಿ ಹೊರಹಾಕುತ್ತದೆ. ಪಕ್ಕದ ಮನೆಯ ತಾಯಿನಾಯಿಗೂ ಉಳಿದ ಮರಿಗಳಿಗೂ ಕೊಡಿಸಿ.

ಈಗ ನನಗೆ ನಿಜವಾಗಿ ಚಿಂತೆ ಇರುವುದು ಇನ್ನೊಂದು ಹುಳದ ಬಗ್ಗೆ. ನಿಮ್ಮ ಕಡೆಯ ಮಳೆ, ನೆರಳು, ಒದ್ದೆ ಮಣ್ಣು ಕೊಕ್ಕೆಹುಳಕ್ಕೆ ಹೇಳಿ ಮಾಡಿಸಿದ ಜಾಗ. ಅದು ವಾಂತಿಯಲ್ಲಿ ಕಾಣುವುದಿಲ್ಲ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇವತ್ತೇ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೇಲ್ದುಟಿ ಎತ್ತಿ ವಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ನಮ್ಮ ನಾಟಿ ಮರಿಗಳಲ್ಲಿ ಎಷ್ಟೋ ಸಲ ವಸಡೇ ಕಪ್ಪಗಿರುತ್ತದೆ, ಆಗ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಅದು ಬಿಳಿಚಿಕೊಂಡಿದ್ದರೆ, ಮಲ ಡಾಂಬರಿನಂತೆ ಕಪ್ಪಗಿದ್ದರೆ, ನಾಳೆಗೆ ಕಾಯಬೇಡಿ. ಇಂಥ ಮರಿಗೆ ರಕ್ತವನ್ನೇ ಕೊಡಬೇಕಾಗಿ ಬರಬಹುದು. ವಾಂತಿ ನಿಲ್ಲದೆ, ಊಟ ಬಿಟ್ಟು, ರಕ್ತಭೇದಿ ಆದರೂ ಹಾಗೆಯೇ ಓಡಿ. ಲಸಿಕೆಯಾಗದ ಮರಿಯಲ್ಲಿ ಅದು ಪಾರ್ವೊ ಕಾಯಿಲೆಯೂ ಇರಬಹುದು. ಹೋಗುವಾಗ ಆ ದಿನದ ಮಲವನ್ನು ಮುಚ್ಚಳವಿರುವ ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ, ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ನೋಡಿದರೆ ಯಾವ ಹುಳ ಎಂದು ತಿಳಿಯುತ್ತದೆ.

ಮಗಳ ವಿಷಯದಲ್ಲಿ ಅತ್ತೆಯವರ ಆತಂಕ ಸುಳ್ಳಲ್ಲ. ಈ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಹುಳದ ಮರಿ ಮೈಯೊಳಗೆ ಅಲೆಯುತ್ತದೆ, ಅಪರೂಪಕ್ಕೆ ಕಣ್ಣಿಗೂ ಹೋಗುತ್ತದೆ. ಆದರೆ ಆಗತಾನೆ ಹಾಕಿದ ಮಲದಲ್ಲಿರುವ ದುಂಡುಹುಳದ ಮೊಟ್ಟೆ ಸೋಂಕು ಹರಡುವುದಿಲ್ಲ. ಅದು ಬಲಿಯಲು ಮಣ್ಣಿನಲ್ಲಿ ಕನಿಷ್ಠ ಎರಡು ವಾರ ಬೇಕು. ಕೊಕ್ಕೆಹುಳಕ್ಕೆ ಮಾತ್ರ ಬೆಚ್ಚಗಿನ ಒದ್ದೆ ನೆಲದಲ್ಲಿ ಒಂದು ವಾರ ಸಾಕು. ಅದರ ಮರಿ ಬರಿಗಾಲಿನ ಚರ್ಮದಿಂದಲೇ ಒಳನುಗ್ಗಿ ತುರಿಕೆಯ ಗೆರೆ ಎಬ್ಬಿಸುತ್ತದೆ. ಆದ್ದರಿಂದ ಅಂಗಳದಲ್ಲಿ ಬಿದ್ದ ಮಲವನ್ನು ದಿನಾ ತೆಗೆದು, ತರಕಾರಿ ಮಡಿಯಿಂದ ದೂರ ಆಳವಾಗಿ ಹೂಳಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಫಿನಾಯಿಲ್‌ಗೆ ಈ ಮೊಟ್ಟೆ ಸಾಯುವುದಿಲ್ಲ, ಸಿಮೆಂಟು ನೆಲವಾದರೆ ಕುದಿಯುವ ನೀರು ಸುರಿಯಿರಿ. ಮಗಳಿಗೆ ಅಂಗಳದಲ್ಲಿ ಚಪ್ಪಲಿ, ಉಣ್ಣುವ ಮೊದಲು ಸೋಪಿನಲ್ಲಿ ಕೈ ತೊಳೆಯುವುದು, ಗಿಡ್ಡ ಉಗುರು. ಮರಿ ಅವಳ ಮುಖ ನೆಕ್ಕದಿರಲಿ. ಇಷ್ಟನ್ನು ಪಾಲಿಸುವ ಮನೆಯಲ್ಲಿ ಮಗುವೂ ಮರಿಯೂ ಒಟ್ಟಿಗೆ ಬೆಳೆಯಬಹುದು. ವಾಪಸ್ ಬಿಡಬೇಡಿ.

ಪ್ರಶ್ನೆ: ನಾಲ್ಕು ತಿಂಗಳ ಮರಿಯ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥವು ಅಂಟಿಕೊಂಡು ಹರಿದಾಡುತ್ತವೆ. ಹುಳದ ಔಷಧಿ ತಪ್ಪದೆ ಕೊಡುತ್ತಿದ್ದೇವೆ.
— ಓದುಗರು, ಹುಬ್ಬಳ್ಳಿ

ಉತ್ತರ: ಅವು ಲಾಡಿಹುಳದ ತುಂಡುಗಳು. ಬರೀ ಪೈರಾಂಟೆಲ್ ಇರುವ ಔಷಧಿಗೆ ಇದು ಬಗ್ಗುವುದಿಲ್ಲ, ಪ್ರಾಜಿಕ್ವಾಂಟೆಲ್ ಬೇಕು. ನಿಮ್ಮ ಬಾಟಲಿಯ ಮೇಲೆ ಆ ಹೆಸರಿದೆಯೇ ನೋಡಿ. ಈ ಹುಳ ಬರುವುದು ಚಿಗಟದಿಂದ: ಮರಿ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗುತ್ತದೆ, ಅದರೊಳಗೆ ಹುಳದ ಮರಿ ಇರುತ್ತದೆ. ಚಿಗಟ ಉಳಿದರೆ ಮೂರು ವಾರದಲ್ಲಿ ಅಕ್ಕಿಕಾಳು ಮತ್ತೆ ಹಾಜರು. ಮರಿಯ ವಯಸ್ಸಿಗೂ ತೂಕಕ್ಕೂ ತಕ್ಕ ಚಿಗಟದ ಔಷಧಿಯನ್ನು ವೈದ್ಯರಿಂದ ಪಡೆಯಿರಿ. ಅದು ಮಲಗುವ ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.