ನಿಮ್ಮ ಪ್ರಶ್ನೆ: ಕುದುರೆಮುಖದ ಬೋಳುಗುಡ್ಡದಲ್ಲಿ ಗಿಡ ಬೆಳೆಸಬಹುದಾ?

ಪ್ರಶ್ನೆ: ಹೋದ ತಿಂಗಳು ಕುದುರೆಮುಖ ಹತ್ತಿ ಬಂದೆವು. ಕಣಿವೆಯಲ್ಲಿ ದಟ್ಟ ಕಾಡು, ಮೇಲೆ ಬರೀ ಹುಲ್ಲು. ಯಾರೋ ಮರ ಕಡಿದಿರಬೇಕು ಅನ್ನಿಸಿತು. ಮಳೆ ಹಿಡಿದ ಮೇಲೆ ಬೀಜದುಂಡೆ ಎಸೆದು ಬರೋಣ ಅಂತಿದ್ದೇವೆ. ಯಾವ ಮರದ ಬೀಜ ಒಳ್ಳೆಯದು?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಯಾವ ಬೀಜವನ್ನೂ ಎಸೆಯಬೇಡಿ. ಆ ಹುಲ್ಲು ಮರ ಕಡಿದಿದ್ದರಿಂದ ಬಂದಿದ್ದಲ್ಲ. ಕಣಿವೆಯ ಮಡಿಲಲ್ಲಿ ಮಣ್ಣು ದಪ್ಪ, ನೀರಿದೆ, ಗಾಳಿಗೆ ಮರೆಯಿದೆ, ಹಾಗಾಗಿ ಅಲ್ಲಿ ಶೋಲಾ ಅನ್ನುವ ದಟ್ಟ ಕಾಡು. ನೆತ್ತಿಯಲ್ಲಿ ಮಣ್ಣು ತೆಳು, ಮುಂಗಾರಿನ ಗಾಳಿ ಸಸಿಯನ್ನು ನಿಲ್ಲಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಆಗಾಗ ಬೆಂಕಿ ಬೇರೆ, ಇದನ್ನೆಲ್ಲ ತಡೆದುಕೊಂಡು ಮತ್ತೆ ಬುಡದಿಂದ ಚಿಗುರುವುದು ಹುಲ್ಲೇ. ನೀಲಗಿರಿ ಬೆಟ್ಟಗಳ ಜೌಗು ಮಣ್ಣನ್ನು ಪರೀಕ್ಷಿಸಿದಾಗ 20,000 ವರ್ಷಗಳ ಹಿಂದೆಯೂ ಅಲ್ಲಿ ಇಂಥದ್ದೇ ಹುಲ್ಲುಗಾವಲು ಇದ್ದದ್ದು ತಿಳಿದುಬಂತು. ಆಗ ಬೇಸಾಯವೇ ಶುರುವಾಗಿರಲಿಲ್ಲ ಅಲ್ವಾ?

ಮುಂದಿನ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿ, ಹುಲ್ಲಿನ ನಡುವೆ ಮೊಣಕಾಲೂರಿ ನೋಡಿ. ಡ್ರಾಸೆರಾ ಅನ್ನುವ ಪುಟ್ಟ ಗಿಡ ಸಿಗಬಹುದು. ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂಥ ಹನಿ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಸೊಳ್ಳೆ, ನುಸಿ ಅದರಲ್ಲಿ ಸಿಕ್ಕಿಕೊಂಡು ಗಿಡಕ್ಕೆ ಊಟವಾಗುತ್ತವೆ, ಯಾಕೆಂದರೆ ಆ ಬಡ ಮಣ್ಣಿನಲ್ಲಿ ಸಾರಜನಕ ಸಾಲುವುದಿಲ್ಲ. ಮರದ ನೆರಳು ಬಿದ್ದರೆ ಈ ಗಿಡ ಉಳಿಯುವುದಿಲ್ಲ. ಕಡವೆ, ಕಾಟಿ ಮೇಯಲು ಬರುವುದೂ ಈ ಹುಲ್ಲಿಗೇ.

ನೀರಿನ ಮಾತೂ ಇದೆ. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಸುರಿದ ಮಳೆಯನ್ನು ಹುಲ್ಲಿನ ಬೇರು ಹಿಡಿದು ನಿಧಾನಕ್ಕೆ ಕೆಳಗೆ ಬಿಡುತ್ತದೆ.

ನೀಲಗಿರಿ ಬೆಟ್ಟಗಳಲ್ಲಿ ಬ್ರಿಟಿಷರ ಕಾಲದಿಂದ ಹುಲ್ಲುಗಾವಲಿಗೆ ವ್ಯಾಟಲ್ ಅನ್ನುವ ಆಸ್ಟ್ರೇಲಿಯಾದ ಮರ, ನೀಲಗಿರಿ ಮರ (ಯೂಕಲಿಪ್ಟಸ್), ಪೈನ್ ತಂದು ನೆಟ್ಟರು. ಈಗ ವ್ಯಾಟಲ್ ತಾನಾಗಿಯೇ ಹಬ್ಬುತ್ತಿದೆ, ಕಿತ್ತರೂ ಮತ್ತೆ ಬರುತ್ತದೆ. ನಮ್ಮ ಮಲೆನಾಡಿನ ಎಷ್ಟೋ ಬ್ಯಾಣಗಳಿಗೂ (ಹುಲ್ಲುಗಾವಲುಗಳಿಗೂ) ಹೀಗೆಯೇ ಅಕೇಶಿಯಾ ಬಂದು ಕೂತಿತು. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಅದೂ ಅಲ್ಲದೆ ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಸುಮ್ನೆ ಹೋಗಿ ಬಿತ್ತಿ ಬರುವ ಜಾಗವಲ್ಲ. ನೆಡಲೇಬೇಕು ಅನ್ನಿಸಿದರೆ ನಿಮ್ಮೂರಿನ ರಸ್ತೆ ಬದಿಗೆ ಹೊಂಗೆ, ನೇರಳೆ ನೆಟ್ಟು ಎರಡು ಬೇಸಿಗೆ ನೀರು ಹಾಕಿ.

ಪ್ರಶ್ನೆ: ಆಗುಂಬೆ ಘಾಟಿಯ ತಡೆಗೋಡೆ ಮೇಲೆ ಬೂದು ಮೈ, ಕಪ್ಪು ಮುಖದ ಉದ್ದ ಬಾಲದ ಕೋತಿ ಕೂತಿತ್ತು. ಸಿಂಗಳೀಕವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಅಲ್ಲ, ಅದು ಮುಸುವ. ಸಿಂಗಳೀಕದ ಮೈ ಕಪ್ಪು, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಣ್ಣ ಕುಚ್ಚು. ಅದು ಜಾಸ್ತಿ ಹೊತ್ತು ಎತ್ತರದ ಮರಗಳ ಮೇಲೇ ಇರುತ್ತದೆ. ಯಾವುದೇ ಆಗಲಿ, ಬಾಳೆಹಣ್ಣು, ಚಿಪ್ಸ್ ಕೊಡಬೇಡಿ. ತಿಂಡಿಯ ಆಸೆಗೆ ರಸ್ತೆಗಿಳಿದು ವಾಹನಕ್ಕೆ ಸಿಕ್ಕಿ ಸಾಯುತ್ತವೆ.