45 ಸಾವಿರದಲ್ಲಿ ಮನೆಗೆ ಕಂಪ್ಯೂಟರ್ ಜೋಡಿಸುವುದಾದರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ?

ನೀವು ಕೇಳಿರುವುದು ಇಷ್ಟು. ಊರು ಹಾಸನ, ಸ್ಕ್ರೀನ್ ಸೇರಿ 45 ಸಾವಿರ ಬಜೆಟ್. ನಿಮಗೆ ಟ್ಯಾಲಿ, ಎಕ್ಸೆಲ್ ಓಡಿದರೆ ಸಾಕು. ಪಿಯುಸಿ ಓದುತ್ತಿರುವ ಮಗಳಿಗೆ ಪ್ರೋಗ್ರಾಮಿಂಗ್, ಸ್ವಲ್ಪ ವಿಡಿಯೋ ಎಡಿಟಿಂಗ್, ರಜೆಯಲ್ಲಿ ಒಂದಿಷ್ಟು ಗೇಮ್. ಅಂಗಡಿಯೊಂದರಲ್ಲಿ "ಐ7, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಫುಲ್ ಸೆಟ್ 24 ಸಾವಿರ" ಅಂದಿದ್ದಾರೆ. ಅದನ್ನೇ ತಗೊಳ್ಳಲಾ, ಇಲ್ಲ ಬಿಡಿಭಾಗ ತಂದು ಜೋಡಿಸಲಾ? ಮಗಳು ತಾನೇ ಜೋಡಿಸುತ್ತೇನೆ ಅನ್ನುತ್ತಿದ್ದಾಳೆ, ಬಿಡಬಹುದಾ?

ಮೊದಲು ಆ 24 ಸಾವಿರದ ಸೆಟ್ ವಿಷಯ. ಅಂಗಡಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಐ7 ಸರಿ, ಪೂರ್ತಿ ಮಾಡೆಲ್ ನಂಬರ್ ಏನು?" ಹೆಚ್ಚಾಗಿ ಬರುವ ಉತ್ತರ ಐ7-2600 ಅಥವಾ ಐ7-3770 ಅನ್ನುವ ಇಂಟೆಲ್ ಪ್ರೊಸೆಸರ್. ಮೊದಲನೆಯದು 2011ರದ್ದು, ಎರಡನೆಯದು 2012ರದ್ದು. ಜೊತೆಗೆ ಎಚ್61 ಅನ್ನುವ ಮದರ್‌ಬೋರ್ಡ್ ಇರುತ್ತದೆ. ಬೋರ್ಡಿನ ಡಬ್ಬ ಫಳಫಳ ಹೊಳೆಯುತ್ತಿರುತ್ತದೆ, ಆದರೆ ಚಿಪ್‌ಸೆಟ್ 2011ರ ಕಾಲದ್ದೇ. ಅದರಲ್ಲಿ ಹೋಗುವುದು ಡಿಡಿಆರ್3 ರ‍್ಯಾಮ್. ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳೂ ಹಳೆಯ ತಲೆಮಾರಿನವು, ಹಾಗಾಗಿ ಹೊಸ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್) ಹಾಕಿದರೂ ಅರ್ಧ ವೇಗದಲ್ಲೇ ಓಡುತ್ತದೆ. 2022ರಲ್ಲಿ ಬಂದ ಐ3-12100 ಕೂಡ ಅದೇ ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ಎಷ್ಟು ಕೆಲಸ ಮಾಡಬಲ್ಲದು ಅನ್ನುವ ಲೆಕ್ಕ). ಹೆಸರಲ್ಲಿ ಬರೀ ಐ3, ಕೆಲಸದಲ್ಲಿ ಆ ಐ7ಗಿಂತ ಎಷ್ಟೋ ಮುಂದೆ.

ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ಜನರೇಶನ್‌ಗಿಂತ ಹಳೆಯ ಪ್ರೊಸೆಸರ್‌ಗಳನ್ನು, ಬೆರಳೆಣಿಕೆಯ ಕೆಲವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ಆ ಐ7ಗಳು 2ನೇ, 3ನೇ ಜನರೇಶನ್‌ನವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀವು ಇದರಲ್ಲಿ ಟ್ಯಾಲಿ ಲೆಕ್ಕ ಇಟ್ಟು, ಬ್ಯಾಂಕಿಂಗ್ ಮಾಡುವವರು ಅಲ್ವಾ? ಅದೊಂದೇ ಕಾರಣ ಸಾಕು, ಆ ಸೆಟ್ ಬಿಡಿ.

ಹಳೆಯದು ಅಂದ ತಕ್ಷಣ ಎಲ್ಲವೂ ಕೆಟ್ಟದ್ದಲ್ಲ. ಕಂಪನಿಗಳ ಆಫೀಸಿನಿಂದ ಹೊರಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಮಷೀನುಗಳು ಸಿಗುತ್ತವೆ. ಅದರಲ್ಲಿ ಐ5-8500 ಇರುವುದು ಸಿಕ್ಕರೆ ಆರು ಕೋರ್, ವಿಂಡೋಸ್ 11 ಓಡುತ್ತದೆ, ಸಾಮಾನ್ಯವಾಗಿ ವಿಂಡೋಸ್ ಲೈಸೆನ್ಸ್ ಕೂಡ ಮಷೀನಿನ ಜೊತೆಗೇ ಬರುತ್ತದೆ. ಬರೀ ಟ್ಯಾಲಿಗಾಗಿದ್ದರೆ ನಾನು ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ಆದರೆ ಅದರ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ), ಬೋರ್ಡು ಎರಡೂ ಆ ಕಂಪನಿಯ ಅಳತೆಯವು. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂದರೆ ಕೈಕಟ್ಟಿ ಹಾಕಿದ ಹಾಗೆ. ಮಗಳ ವಿಡಿಯೋ, ಗೇಮ್ ಲೆಕ್ಕಕ್ಕೆ ತಗೊಂಡರೆ ಹೊಸದಾಗಿ ಜೋಡಿಸುವುದೇ ಸರಿ.

ಜೋಡಿಸುವಾಗ ಎಲ್ಲರೂ ಪ್ರೊಸೆಸರ್‌ನಿಂದ ಶುರುಮಾಡುತ್ತಾರೆ. ನಾನು ಎಸ್‌ಎಂಪಿಎಸ್‌ನಿಂದ ಶುರುಮಾಡುತ್ತೇನೆ. ಪ್ರೊಸೆಸರ್ ಸ್ವಲ್ಪ ಕಡಿಮೆಯದಾದರೆ ಕೆಲಸ ನಿಧಾನ ಆಗುತ್ತದೆ, ಅಷ್ಟೇ. ಎಸ್‌ಎಂಪಿಎಸ್ ಕಳಪೆಯಾದರೆ ಅದು ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ, ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ನಮ್ಮ ಪರಿಚಯದ ಸ್ಟುಡಿಯೋ ಒಂದರಲ್ಲಿ ಹೀಗೇ ಆಯಿತು. ಕರೆಂಟ್ ಹೋಗಿ ಬಂದ ಒಂದೇ ಏಟಿಗೆ ಎಸ್‌ಎಂಪಿಎಸ್, ಮದರ್‌ಬೋರ್ಡ್, ಮದುವೆ ಫೋಟೋ ಇದ್ದ ಹಾರ್ಡ್ ಡಿಸ್ಕ್, ಮೂರೂ ಹೋದವು. ಎಸ್‌ಎಂಪಿಎಸ್ ಬಿಚ್ಚಿ ನೋಡಿದರೆ ಕೆಪಾಸಿಟರ್‌ಗಳ ತಲೆ ಉಬ್ಬಿ, ಕಂದು ಬಣ್ಣದ ಅಂಟು ಸೋರಿತ್ತು.

ಅಂಗಡಿಯಲ್ಲಿ ಎಸ್‌ಎಂಪಿಎಸ್ ಕೈಗೆ ತಗೊಂಡು ಪಕ್ಕದ ಸ್ಟಿಕ್ಕರ್ ಓದಿ. ಡಬ್ಬದ ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತಿರುತ್ತದೆ, ಅದನ್ನು ನಂಬಬೇಡಿ. ಸ್ಟಿಕ್ಕರ್‌ನಲ್ಲಿ +12ವಿ ಅನ್ನುವ ಕಾಲಂ ಕೆಳಗೆ ಎಷ್ಟು ಆಂಪ್ ಅಂತ ನೋಡಿ, 12ರಿಂದ ಗುಣಿಸಿ. 36 ಆಂಪ್ ಇದ್ದರೆ 432 ವ್ಯಾಟ್, ಹೇಳಿದ ಮಾತು ನಿಜ. 16 ಆಂಪ್ ಇದ್ದರೆ 192 ವ್ಯಾಟ್, ಉಳಿದದ್ದೆಲ್ಲ ಬಣ್ಣ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಆ 12 ವೋಲ್ಟ್ ಲೈನಿನಿಂದಲೇ. ಆಮೇಲೆ 80 ಪ್ಲಸ್ ಅನ್ನುವ ದಕ್ಷತೆಯ ಗುರುತು ಇದೆಯಾ ನೋಡಿ. ಕ್ಯಾಬಿನೆಟ್ ಜೊತೆ "ಫ್ರೀ" ಬರುವ ಎಸ್‌ಎಂಪಿಎಸ್ ಮಾತ್ರ ಖಂಡಿತ ಬೇಡ. ಹೆಸರಿರುವ ಕಂಪನಿಯ 450 ವ್ಯಾಟ್‌ದಕ್ಕೆ ಸುಮಾರು 3 ಸಾವಿರ ತೆಗೆದಿಡಿ. ಮುಂದೆ ಬೋರ್ಡು, ಪ್ರೊಸೆಸರ್ ಬದಲಾಯಿಸಿದರೂ ಇದು ಹಾಗೇ ಉಳಿಯುತ್ತದೆ.

ಕರೆಂಟಿನ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಬಹಳ ಜನ ಹೇಳುತ್ತಾರೆ, "ಕಂಪ್ಯೂಟರ್ ಅಂದ್ರೆ ಹಂಗೇ" ಅಂತ ಸುಮ್ನೆ ಇದ್ದುಬಿಡುತ್ತಾರೆ. ಅದು ಹಂಗಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್, ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವುಗಳಿಂದ ಸೋರುವ ಚೂರು ಕರೆಂಟ್ ಅರ್ಥಿಂಗ್ ತಂತಿಯಲ್ಲಿ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದವರ ಮೂಲಕ ಹೋಗುತ್ತದೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಕಂಪ್ಯೂಟರ್ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆದು ಆ ಪಾಯಿಂಟ್ ತೋರಿಸಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಿಂದುಗಡೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದೆಯಾ ನೋಡಿ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಹೋದ ಮೇಲೂ 16 ಮಿಲಿಸೆಕೆಂಡ್‌ನಷ್ಟು ತಡೆದುಕೊಳ್ಳುತ್ತದೆ. ಆ ಮೋಡ್‌ನಲ್ಲಿ ಇನ್ವರ್ಟರ್ ಬೇಗ ಬದಲಾಗುವುದರಿಂದ ಸಾಮಾನ್ಯವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಿಲ್ಲ. ಇಲ್ಲದಿದ್ದರೆ 600 ವಿಎ ಯುಪಿಎಸ್ ಒಂದು ತಗೊಳ್ಳಿ, ಮೂರು ಸಾವಿರದ ಆಸುಪಾಸು. ಟ್ಯಾಲಿ ಡೇಟಾ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಕೊಟ್ಟರೆ ಸಾಕು.

ಈಗ ಪ್ರೊಸೆಸರ್. ನಿಮ್ಮ ಕೆಲಸಕ್ಕೆ ಎಎಂಡಿ ರೈಜನ್ 5 5600ಜಿ ನೋಡಿ. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ಗ್ರಾಫಿಕ್ಸ್ ಇದೆ, ಡಬ್ಬದಲ್ಲೇ ಕೂಲರ್ ಬರುತ್ತದೆ. ಕೊನೆಯ ಆ 'ಜಿ' ಅಕ್ಷರ ಮರೆಯಬೇಡಿ. ಬರೀ 5600 ತಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಪ್ರತ್ಯೇಕ ಕಾರ್ಡ್ ಹಾಕುವವರೆಗೆ ಸ್ಕ್ರೀನ್ ಕಪ್ಪಗೇ ಇರುತ್ತದೆ. ಇಂಟೆಲ್‌ನಲ್ಲಿ ಕೊನೆಗೆ 'ಎಫ್' ಇದ್ದರೆ ಅದೇ ಕಥೆ. ಐ5-12400ಎಫ್ ಬೆಲೆ ಕಡಿಮೆ ಅಂತ ತಂದು, ಆಮೇಲೆ ಡಿಸ್‌ಪ್ಲೇ ಬರ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಕಡಿಮೆ ಏನಿಲ್ಲ. ಮಗಳು ಗೇಮ್ ಆಡುವುದೇ ಇಲ್ಲ, ವಿಡಿಯೋ ಮಾತ್ರ ಅನ್ನುವುದಾದರೆ 'ಎಫ್' ಇಲ್ಲದ ಐ5-12400 ಇನ್ನೂ ಚೆನ್ನಾಗಿದೆ.

ಗ್ರಾಫಿಕ್ಸ್ ಕಾರ್ಡ್ ಈಗ ಬೇಡ. ಈ ಬಜೆಟ್‌ನಲ್ಲಿ ಸಿಗುವ ಎರಡು ಜಿಬಿ, ನಾಲ್ಕು ಜಿಬಿಯ ಹಳೆಯ ಕಾರ್ಡುಗಳು ಹೆಸರಿಗಷ್ಟೇ. ಬೇಕು ಅನ್ನಿಸಿದಾಗ ಒಂದು ಒಳ್ಳೆಯದನ್ನೇ ಹಾಕಿಕೊಳ್ಳಬಹುದು, ಜಾಗ ಇರುತ್ತದೆ.

ಮದರ್‌ಬೋರ್ಡ್ ವಿಷಯಕ್ಕೆ ಹೆಚ್ಚು ತಲೆ ಬೇಡ. 5600ಜಿಗೆ ಎ520 ಅಥವಾ ಬಿ450 ಸಾಕು. ಬಿ550 ತಗೊಳ್ಳಿ, ಜೆನ್4 ಎಸ್‌ಎಸ್‌ಡಿ ಹಾಕಬಹುದು ಅಂತ ಅಂಗಡಿಯವರು ಹೇಳುತ್ತಾರೆ. ಈ 5600ಜಿ ಪ್ರೊಸೆಸರ್‌ಗೇ ಪಿಸಿಐಇ (ಎಸ್‌ಎಸ್‌ಡಿ, ಕಾರ್ಡುಗಳು ಓಡುವ ದಾರಿ) ಜೆನ್3ಕ್ಕಿಂತ, ಅಂದರೆ ಮೂರನೇ ತಲೆಮಾರಿಗಿಂತ, ಮೇಲೆ ಬರುವುದಿಲ್ಲ, ಬೋರ್ಡ್ ಯಾವುದಾದರೇನು? ಬಿ450 ಆದರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಬಗ್ಗೆ, "ಬಯೋಸ್ ಅಪ್‌ಡೇಟ್ ಆಗಿದೆಯಾ, 5600ಜಿ ಎತ್ತುತ್ತದಾ" ಅಂತ ಕೇಳಿಯೇ ದುಡ್ಡು ಕೊಡಿ. ಇನ್ನೊಂದು, ಈ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ವೈಫೈ ಇರುವುದಿಲ್ಲ. ರೌಟರ್ ಪಕ್ಕದಲ್ಲಿದ್ದರೆ ಲ್ಯಾನ್ ಕೇಬಲ್, ದೂರ ಇದ್ದರೆ ಯುಎಸ್‌ಬಿ ವೈಫೈ ಡಾಂಗಲ್ ಪಟ್ಟಿಗೆ ಸೇರಿಸಿ.

ಬಜೆಟ್ ಎಳೆದಾಡುವುದು ರ‍್ಯಾಮ್ ಜಾಗದಲ್ಲಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹುಚ್ಚಾಪಟ್ಟೆ ಏರಿದೆ. ಮೆಮೊರಿ ಮಾಡುವ ಕಂಪನಿಗಳೆಲ್ಲ ಎಐ ಸರ್ವರ್‌ಗಳ ಕಡೆ ತಿರುಗಿವೆ. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ ಯೂಟ್ಯೂಬಿನ ಹಳೆಯ ವಿಡಿಯೋದಲ್ಲಿ ಹೇಳಿದ ರ‍್ಯಾಮ್ ರೇಟು, ಎಸ್‌ಎಸ್‌ಡಿ ರೇಟು ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ, ಜಗಳ ಆಗುತ್ತದೆ ಅಷ್ಟೇ.

ಆದರೂ 16 ಜಿಬಿ ಬೇಕು, ಅದೂ 8 ಜಿಬಿಯ ಎರಡು ಕಡ್ಡಿಗಳಾಗಿ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಹಾಕಿದರೆ ಒಂದೇ ದಾರಿ, ಎರಡು ಹಾಕಿದರೆ ಎರಡು ದಾರಿ. ಗೇಮ್‌ನಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಬಜೆಟ್‌ಗೆ ಬರಲಿಲ್ಲವೋ, ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ಡಿಡಿಆರ್4 ರ‍್ಯಾಮ್ ತಗೊಳ್ಳಿ. ರ‍್ಯಾಮ್ ಎಸ್‌ಎಸ್‌ಡಿ ಥರ ಸವೆಯುವ ವಸ್ತುವಲ್ಲ. ಮೆಮ್‌ಟೆಸ್ಟ್ ಅನ್ನುವ ಪರೀಕ್ಷೆಯ ಸಾಫ್ಟ್‌ವೇರ್ ಒಂದು ರಾತ್ರಿ ಓಡಿಸಿ ಎರರ್ ಬರದಿದ್ದರೆ ಆರಾಮಾಗಿ ಬಳಸಿ.

ಎಸ್‌ಎಸ್‌ಡಿ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಎಂ.2 ಎನ್‌ವಿಎಂಇ (ಬೋರ್ಡಿಗೇ ನೇರ ಕೂರುವ ಕಡ್ಡಿಯಂಥದ್ದು), 500 ಜಿಬಿ, ಜೆನ್3 ಸಾಕು. ಹೊಸದು ಅಂತ ಕೊಟ್ಟದ್ದು ನಿಜಕ್ಕೂ ಹೊಸದಾ ಅನ್ನುವುದಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಎಷ್ಟು ಗಂಟೆ ಓಡಿದೆ ಅಂತ ತೋರಿಸುತ್ತದೆ. ಹೊಸ ಡಿಸ್ಕ್ ಸಾವಿರಾರು ಗಂಟೆ ತೋರಿಸಿದರೆ ಅದೇ ದಿನ ವಾಪಸ್ ಕೊಡಿ.

ಸ್ಕ್ರೀನ್‌ಗೆ 8 ಸಾವಿರದಷ್ಟು ಇಡಿ. 24 ಇಂಚಿನ ಹತ್ತಿರದ್ದು, ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಸರಿ ಕಾಣುವ ಬಗೆ), 1920x1080. ದಿನಾ ನೋಡುವುದು ಅದನ್ನೇ ತಾನೆ? 19 ಇಂಚಿನ 1366x768 ಸ್ಕ್ರೀನ್‌ನಲ್ಲಿ ಎಕ್ಸೆಲ್ ಶೀಟ್ ಅತ್ತಿತ್ತ ಸರಿಸುತ್ತಾ ಕೂರುವುದು ಬೇಜಾರಿನ ಕೆಲಸ. ಕ್ಯಾಬಿನೆಟ್‌ಗೆ ಎರಡು, ಎರಡೂವರೆ ಸಾವಿರ ಸಾಕು. ಮುಂದೆ ಗಾಜಿನ ಬದಲು ಜಾಲರಿ ಇರುವುದು ನೋಡಿ. ಬಣ್ಣದ ಲೈಟು ಎಷ್ಟಿದ್ದರೂ ಗಾಳಿ ಆಡುವುದು ಜಾಲರಿಯಲ್ಲೇ. ಕೀಬೋರ್ಡ್, ಮೌಸ್ ಯಾವುದಾದರೂ ಸರಿ. ಟ್ಯಾಲಿಗೆ ಪಕ್ಕದಲ್ಲಿ ನಂಬರ್ ಪ್ಯಾಡ್ ಇರಲಿ. ವಿಂಡೋಸ್ ಲೈಸೆನ್ಸ್ ಈ 45 ಸಾವಿರದಲ್ಲಿ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ಲೆಕ್ಕ ಹಾಕಿ. ಅಂಗಡಿಯವರು ಹಾಕಿಕೊಡುವ ಕ್ರ್ಯಾಕ್ ವಿಂಡೋಸ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತಬೇಡಿ.

ಎಲ್ಲಿ ತಗೊಳ್ಳುವುದು? ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದರೆ ಆಯ್ಕೆ ಜಾಸ್ತಿ. ಒಂದೇ ಪಟ್ಟಿಗೆ ಮೂರ್ನಾಲ್ಕು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಳ್ಳಿ, ಪ್ರತಿ ಸಾಲಿನಲ್ಲೂ ಪೂರ್ತಿ ಮಾಡೆಲ್ ನಂಬರ್ ಇರಬೇಕು. "450 ವ್ಯಾಟ್ ಎಸ್‌ಎಂಪಿಎಸ್" ಅಂತ ಮಾತ್ರ ಬರೆದಿದ್ದರೆ ಅದು ಕೊಟೇಶನ್ ಅಲ್ಲ. "ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಉಳಿಯುತ್ತೆ" ಅಂತ ಕೇಳಿಯೇ ಕೇಳುತ್ತಾರೆ. ಒಪ್ಪಬೇಡಿ. ಮೂರು ವರ್ಷದ ವಾರಂಟಿ ನಿಂತಿರುವುದು ಆ ಜಿಎಸ್‌ಟಿ ಬಿಲ್ ಮೇಲೆ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಕೂಡ ಇರಲಿ. ಪ್ರೊಸೆಸರ್ ಸೀಲ್ ಇರುವ ಡಬ್ಬದಲ್ಲೇ ಬೇಕು ಅನ್ನಿ. ಡಬ್ಬವಿಲ್ಲದೆ ಬಿಡಿಯಾಗಿ ಬರುವ ಟ್ರೇ ಪ್ರೊಸೆಸರ್ ಸ್ವಲ್ಪ ಅಗ್ಗ, ಆದರೆ ವಾರಂಟಿ ಅಂಗಡಿಯವರ ಬಾಯಿಮಾತು. ಹಾಸನದ ಅಂಗಡಿಯವರೇ ಇದೇ ಮಾಡೆಲ್‌ಗಳನ್ನು ಸಾವಿರ ಹೆಚ್ಚಿಗೆ ತಗೊಂಡು ತರಿಸಿಕೊಟ್ಟರೆ ನಾನಾದರೆ ಅಲ್ಲೇ ತಗೊಳ್ಳುತ್ತೇನೆ. ಏನಾದರೂ ಕೆಟ್ಟರೆ ಮತ್ತೆ ಬಸ್ ಹತ್ತುವುದು ತಪ್ಪುತ್ತದೆ.

ಮಗಳೇ ಜೋಡಿಸಲಿ, ಖಂಡಿತ ಬಿಡಿ. ಜೋಪಾನ ಬೇಕಿರುವುದು ಪ್ರೊಸೆಸರ್ ಕೂರಿಸುವಾಗ. 5600ಜಿಯಲ್ಲಿ ಪಿನ್ನುಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ, ಕೂದಲೆಳೆಯ ಹಾಗೆ ತೆಳ್ಳಗೆ. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತಾನೇ ಇಳಿಯುತ್ತದೆ, ಒತ್ತಲೇಬಾರದು. ಮುಂದೊಂದು ದಿನ ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆಯದೆ ಮೊದಲು ಅತ್ತಿತ್ತ ತಿರುಗಿಸಬೇಕು. ಇಲ್ಲದಿದ್ದರೆ ಪೇಸ್ಟ್‌ಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ. ಬೋರ್ಡಿನಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ, ನಾಲ್ಕನೆಯದಕ್ಕೆ ಕಡ್ಡಿ ಹಾಕಬೇಕು.

ಆನ್ ಆದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡಲು ಹೇಳಿ, ಕೆಲವು ಬೋರ್ಡಿನಲ್ಲಿ ಅದಕ್ಕೆ ಡಿಓಸಿಪಿ ಅಂತಿರುತ್ತದೆ. 3200ರ ರ‍್ಯಾಮ್‌ಗೆ ದುಡ್ಡು ಕೊಟ್ಟು ಅದನ್ನು ವರ್ಷಗಟ್ಟಲೆ 2133 ಅಥವಾ 2666ರಲ್ಲಿ ಓಡಿಸುವವರು ಬಹಳ ಜನ ಇದ್ದಾರೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ಕಾಣುತ್ತದೆ. ಅಂತಿಮ ಪಟ್ಟಿ ಅಂಗಡಿಯಿಂದ ಬಂದ ಮೇಲೆ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ದುಡ್ಡು ಕೊಡುವ ಮೊದಲು ಒಂದು ಸಲ ನೋಡಿ ಹೇಳುತ್ತೇನೆ.